ಬೀಗದ ಕೈ

ಮಗನ ಮನೆಗೆಂದು ಆಮ್‌ಸ್ಟರ್‌ಡಾಮಿಗೆ ಹೋಗಿದ್ದೆ. ಇವರು ತೀರಿಕೊಂಡು ಎರಡು ವರ್ಷವಾಗಿತ್ತು. "ಊರಿನ ಮನೆ ಮಾರಿಬಿಡಮ್ಮ, ಒಬ್ಬಳೇ ಯಾಕೆ ಇರುತ್ತೀಯ?" ಎಂದು ಮಗ ದಿನಾ ಹೇಳುತ್ತಿದ್ದ. ಅವನ ಮಾತಿನಲ್ಲಿದ್ದದ್ದು ಪ್ರೀತಿಯೇ. ಆದರೂ ನನಗೆ ಹೂಂ ಅನ್ನಲು ಬಾಯಿ ಬರುತ್ತಿರಲಿಲ್ಲ.

ಒಂದು ದಿನ ಸೊಸೆ ರಜೆ ಹಾಕಿ, "ಬರೀ ಹೆಂಗಸರೇ ಇರುವ ವಠಾರ ಒಂದಿದೆ, ಬನ್ನಿ ಅತ್ತೆ" ಎಂದು ಕರೆದುಕೊಂಡು ಹೋದಳು. ಟ್ರಾಮು, ಸೈಕಲ್ಲುಗಳ ಗದ್ದಲದ ನಡುವೆ ಒಂದು ಸಣ್ಣ ಬಾಗಿಲು. ಒಳಗೆ ಕಾಲಿಟ್ಟರೆ ದೇವಸ್ಥಾನದ ಪ್ರಾಕಾರದಂಥ ಮೌನ. ನಡುವೆ ಹುಲ್ಲುಹಾಸು, ಸುತ್ತ ಒಂದಕ್ಕೊಂದು ಆತುಕೊಂಡ ಎತ್ತರದ ಮನೆಗಳು. ಅದರ ಹೆಸರು ಬೆಗೈನ್‌ಹಾಫ್. ಸುಮಾರು 1528ರಲ್ಲಿ ಕಟ್ಟಿದ ಮರದ ಮನೆಯೊಂದು ಅಲ್ಲಿ ಇಂದಿಗೂ ನಿಂತಿದೆ.

14ನೇ ಶತಮಾನದಿಂದ ಅಲ್ಲಿದ್ದವರು ಬೆಗೈನರೆಂಬ ಹೆಂಗಸರು. ದೇವರ ಧ್ಯಾನದಲ್ಲಿ ಬದುಕುತ್ತಿದ್ದರೂ ಅವರು ಸನ್ಯಾಸಿನಿಯರಲ್ಲ. ಮನಸ್ಸು ಬದಲಾದರೆ ಹೊರಗೆ ಹೋಗಿ ಮದುವೆಯಾಗಬಹುದಿತ್ತು. ಆಸ್ತಿಯನ್ನೂ ಬಿಟ್ಟುಕೊಡಬೇಕಿರಲಿಲ್ಲ. 1578ರಲ್ಲಿ ಊರಿನ ಆಡಳಿತ ಪ್ರಾಟೆಸ್ಟೆಂಟರ ಕೈಗೆ ಹೋದಾಗ ಕ್ಯಾಥೊಲಿಕರಾದ ಈ ಹೆಂಗಸರು ತಮ್ಮ ಚರ್ಚನ್ನು ಕಳೆದುಕೊಂಡರು. ಮನೆಗಳನ್ನು ಮಾತ್ರ ಯಾರೂ ಕಸಿಯಲಾಗಲಿಲ್ಲ. ಯಾಕೆಂದರೆ ಮನೆಗಳು ಅವರ ಸ್ವಂತದ್ದಾಗಿದ್ದವು. ಕೊನೆಯ ಬೆಗೈನ್ 1971ರಲ್ಲಿ ತೀರಿಕೊಂಡರಂತೆ. ಈಗಲೂ ಅಲ್ಲಿ ಬಾಡಿಗೆಗೆ ಸಿಗುವುದು ಒಂಟಿ ಹೆಂಗಸರಿಗೆ ಮಾತ್ರ.

ಅದನ್ನು ಕೇಳುತ್ತಿದ್ದ ಹಾಗೆ ನನಗೆ ನೆನಪಾದದ್ದು ನಮ್ಮ ಚಿಕ್ಕಜ್ಜಿ. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು ಕೆಂಪು ಸೀರೆ ಉಟ್ಟವಳು. ಆರು ತಿಂಗಳು ಅಣ್ಣನ ಮನೆ, ಆರು ತಿಂಗಳು ತಮ್ಮನ ಮನೆ. ಯಾರೂ ಅವಳಿಗೆ ಊಟ ಕಡಿಮೆ ಮಾಡಲಿಲ್ಲ. ಬಾಣಂತನಕ್ಕೆ, ಹಪ್ಪಳ ಸಂಡಿಗೆಗೆ, ಮಡಿ ಅಡುಗೆಗೆ ಎಲ್ಲರಿಗೂ ಅವಳು ಬೇಕು. ಆದರೆ ಅವಳದು ಅಂತ ಇದ್ದದ್ದು ಒಂದು ತಗಡಿನ ಟ್ರಂಕು. ಅದರ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಲಗುತ್ತಿದ್ದಳು. ಅವಳು ಸತ್ತ ಮೇಲೆ ತೆಗೆದು ನೋಡಿದರೆ ಎರಡು ಸೀರೆ, ಒಂದು ಜಪಮಾಲೆ. ಇಷ್ಟಕ್ಕೆ ಬೀಗ ಯಾಕೆ ಎಂದು ನಾವು ಮಕ್ಕಳು ನಕ್ಕಿದ್ದೆವು.

ಆ ವಠಾರದಲ್ಲಿ ನೆರೆತ ತಲೆಯ ಹೆಂಗಸೊಬ್ಬರು ತರಕಾರಿ ಚೀಲ ಕೆಳಗಿಟ್ಟು, ನಿಧಾನವಾಗಿ ಬೀಗ ತೆಗೆದು ಒಳಗೆ ಹೋದರು. ಅಷ್ಟೇ. ಆದರೆ ಚಿಕ್ಕಜ್ಜಿ ಸೊಂಟದಲ್ಲಿ ಕಾಯುತ್ತಿದ್ದದ್ದು ಏನನ್ನು ಎಂದು ನನಗೆ ಆಗ ತಿಳಿಯಿತು. ಕಣ್ಣು ತುಂಬಿತು. ಸೊಸೆ ಏನೂ ಕೇಳದೆ ಕೈ ಹಿಡಿದುಕೊಂಡಳು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಗನಿಗೆ ಹೇಳಿದೆ. "ವರ್ಷಕ್ಕೊಮ್ಮೆ ಬರುತ್ತೇನೆ ಕಣೋ, ಕೈಲಾಗದ ಕಾಲಕ್ಕೆ ನೀನೇ ನೋಡಿಕೋ. ಆದರೆ ಮನೆ ಇರಲಿ." ಅವನು ಏನೋ ಹೇಳಲು ಹೊರಟ. ಅಷ್ಟರಲ್ಲಿ ಸೊಸೆ, "ಇರಲಿ ಬಿಡಿ" ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.