ಬರಗಾಲದಲ್ಲಿ ಅಧಿಕಮಾಸ

“ಬರಗಾಲದಲ್ಲಿ ಅಧಿಕಮಾಸ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಕಷ್ಟದ ಮೇಲೆ ಕಷ್ಟವು ಬಂದಿತೆಂಬ ಅರ್ಥದಲ್ಲಿ ಜನರು ಇದನ್ನು ಆಡುವರು. ಆದರೆ ಈ ಗಾದೆಯೊಳಗೆ ಇನ್ನೊಂದು ಮರ್ಮವುಂಟು. ಪಂಚಾಂಗದಲ್ಲಿ ಅಧಿಕಮಾಸವು ಎಲ್ಲರಿಗೂ ಒಂದೇ. ಹಗೇವಿನ ತುಂಬ ರಾಗಿಯಿರುವ ಮನೆಗೆ ಅದು ಪುರುಷೋತ್ತಮಮಾಸ. ಮೂವತ್ತಮೂರು ಅಪೂಪಗಳನ್ನು ದಾನಮಾಡಿ ಪುಣ್ಯವನ್ನು ಸಂಪಾದಿಸುವ ಕಾಲ. ಹಗೇವು ಬರಿದಾದ ಮನೆಗೆ ಅದೇ ಮಾಸವು ಮೂವತ್ತು ದಿನಗಳ ಹೆಚ್ಚಿನ ಹಸಿವು. ತಿಥಿವಾರಗಳು ಸಮಾನವಾದರೂ ತಟ್ಟೆಗಳು ಸಮಾನವಲ್ಲ. ಮಕ್ಕಳ ವಿಷಯದಲ್ಲಿ ಈ ಮಾತು ಎಷ್ಟು ನಿಜವೆಂಬುದನ್ನು ಹಿರಿಯೂರು ಸೀಮೆಯಷ್ಟು ಚೆನ್ನಾಗಿ ತೋರಿಸುವ ಸ್ಥಳಗಳು ಕಡಮೆ.

ಬಬ್ಬೂರು ಹಿರಿಯೂರಿಗೆ ಸಮೀಪದ ಗ್ರಾಮ. ಅಲ್ಲಿಯ ಕೃಷಿ ಸಂಶೋಧನಾ ಕೇಂದ್ರದ ದೆಸೆಯಿಂದ ‘ಬಬ್ಬೂರು ಫಾರಂ’ ಎಂಬ ಹೆಸರು ದೂರದವರಿಗೂ ಪರಿಚಿತ. ಈ ತಾಲ್ಲೂಕಿನ ಭೂಮಿಯಲ್ಲಿ ಎರಡು ಜಾತಿ: ನಾಲೆಯ ನೀರು ಮುಟ್ಟುವ ಅಚ್ಚುಕಟ್ಟು, ಮುಗಿಲನ್ನೇ ನೋಡುವ ಖುಷ್ಕಿ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ವಾಣೀವಿಲಾಸಸಾಗರದ ಕೆಲಸವು 1898ರಲ್ಲಿ ಮೊದಲಾಗಿ 1907ರಲ್ಲಿ ಮುಗಿಯಿತು. ಅದಕ್ಕೆ ಇಪ್ಪತ್ತು ವರ್ಷ ಮೊದಲು ಧಾತು ಈಶ್ವರ ಸಂವತ್ಸರಗಳ ಘೋರಕ್ಷಾಮವು, ಎಂದರೆ 1876–78ರ ಬರವು, ಮೈಸೂರು ಸೀಮೆಯನ್ನು ಬಡಿದಿತ್ತು. 1871ರ ಗಣತಿಯಲ್ಲಿ 50 ಲಕ್ಷಕ್ಕೆ ಮೀರಿದ್ದ ಪ್ರಜಾಸಂಖ್ಯೆಯು 1881ರಲ್ಲಿ 42 ಲಕ್ಷಕ್ಕೆ ಒಳಗಾಗಿತ್ತು. ಆ ಕೆರೆಯಾದರೂ ಪ್ರತಿವರ್ಷ ತುಂಬುವುದಲ್ಲ. 1933ರಲ್ಲಿ ಕೋಡಿ ಹರಿದ ಬಳಿಕ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಡುವೆ ಮೂರು ತಲೆಮಾರುಗಳು ಮುಗಿಲು ನೋಡಿಕೊಂಡೇ ಕಳೆದುವು.

ಇಂಥ ಊರಿನ ಒಂದೇ ಶಾಲೆಯಲ್ಲಿ, ಒಂದೇ ಮಣೆಯ ಮೇಲೆ, ಮೂರನೆಯ ತರಗತಿಯಲ್ಲಿ ಕುಳಿತ ಇಬ್ಬರು ಬಾಲಿಕೆಯರನ್ನು ವಾಚಕರು ಭಾವಿಸಿಕೊಳ್ಳಲಿ. ಒಬ್ಬಳ ತಂದೆಗೆ ನಾಲೆಯ ಕೆಳಗೆ ತೆಂಗಿನ ತೋಟವುಂಟು. ಇನ್ನೊಬ್ಬಳ ತಂದೆಗೆ ಖುಷ್ಕಿಯಲ್ಲಿ ಎರಡೆಕರೆ ಕಡಲೆಕಾಯಿಯ ಹೊಲ, ಉಳಿದ ದಿನ ಕೂಲಿ. ಇಬ್ಬರೂ ಒಂದೇ ಪಾಠವನ್ನು ಓದುತ್ತ, ಮಧ್ಯಾಹ್ನ ಒಂದೇ ಸಾಲಿನಲ್ಲಿ ಬಿಸಿಯೂಟಕ್ಕೆ ಕೂರುತ್ತ ಇದ್ದರು. ಬುದ್ಧಿಯಲ್ಲಿ ಎರಡನೆಯವಳೇ ಒಂದು ಕೈ ಮೇಲೆಂದರೂ ಸಲ್ಲುವುದು.

2020ರ ಮಾರ್ಚಿಯಲ್ಲಿ ಕೋವಿಡ್ ವ್ಯಾಧಿಯ ಭಯದಿಂದ ಶಾಲೆಗಳು ಮುಚ್ಚಿದುವು. ಕಿರಿಯ ಮಕ್ಕಳಿಗೆ ಅವು ಪುನಃ ತೆರೆದದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು ಸರಿದಿದ್ದುವು. ಮೊದಲನೆಯವಳ ಮನೆಯಲ್ಲಿ ಮೊಬೈಲು ಇತ್ತು, ಪಕ್ಕದಲ್ಲಿ ಕುಳಿತು ಹೇಳಿಕೊಡುವ ತಾಯಿಯೂ ಇದ್ದಳು. ಎರಡನೆಯವಳ ಮನೆಯಲ್ಲಿದ್ದ ಒಂದೇ ಮೊಬೈಲು ತಂದೆಯ ಜೇಬಿನಲ್ಲಿ ಕೂಲಿಗೆ ಹೋಗುತ್ತಿತ್ತು. ಆ ವರ್ಷದ ಆಗಸ್ಟಿನಲ್ಲಿ ಸರಕಾರವು ‘ವಿದ್ಯಾಗಮ’ವೆಂಬ ಏರ್ಪಾಡನ್ನು ಮಾಡಿ, ಉಪಾಧ್ಯಾಯರು ಗುಡಿಯ ಜಗಲಿಗಳಲ್ಲಿಯೂ ಮರದ ನೆರಳಿನಲ್ಲಿಯೂ ಪಾಠ ಹೇಳುವಂತಾಯಿತು. ಅದು ಇಂಥ ಮಕ್ಕಳಿಗೇ ಒದಗಿದ ಏರ್ಪಾಡು. ಆದರೆ ಸೋಂಕು ಹರಡುವುದೆಂಬ ಕಾರಣದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಆಗ ಪಂಚಾಂಗದಲ್ಲಿ ಅಧಿಕ ಆಶ್ವಯುಜವು ನಡೆಯುತ್ತಿದ್ದುದನ್ನು ಗಾದೆಯನ್ನು ಬಲ್ಲವರು ನೆನೆಯದೆ ಇರಲಾರರು.

ಅನ್ನದ ವಿಷಯವೂ ಹೀಗೆಯೇ. ಬಿಸಿಯೂಟಕ್ಕೆ ಬದಲಾಗಿ ಅಕ್ಕಿ ಬೇಳೆಗಳನ್ನು ಮನೆಗೆ ಕೊಡುವ ವ್ಯವಸ್ಥೆಯಾಯಿತು. ಇದು ಒಳ್ಳೆಯದೇ. ಆದರೆ ಶಾಲೆಯಲ್ಲಿ ಬಡಿಸಿದ ಅನ್ನವು ಮಗುವಿನ ಹೊಟ್ಟೆಯನ್ನೇ ಸೇರುವುದು. ಮನೆಗೆ ಬಂದ ಅಕ್ಕಿಯು ಐದು ಬಾಯಿಗೆ ಹಂಚಿಹೋಗುವುದು. ಹಂಚುವ ತಾಯಿಯು ಮೊದಲು ದುಡಿಯುವವನಿಗೆ, ಬಳಿಕ ಗಂಡುಮಗುವಿಗೆ ಬಡಿಸಿದರೆ, ಹುಡುಗಿಗೆ ತಳದ ಅನ್ನವೇ ಗತಿ.

2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ಸಂಸ್ಥೆಯವರು ಕರ್ನಾಟಕವೂ ಸೇರಿದ ಐದು ರಾಜ್ಯಗಳ ಸರಕಾರಿ ಶಾಲೆಗಳಲ್ಲಿ, ಎರಡರಿಂದ ಆರನೆಯ ತರಗತಿಯವರೆಗಿನ 16,067 ಮಕ್ಕಳನ್ನು ಪರೀಕ್ಷಿಸಿದರು. ನೂರಕ್ಕೆ 92 ಮಂದಿ ಭಾಷೆಯಲ್ಲಿಯೂ 82 ಮಂದಿ ಗಣಿತದಲ್ಲಿಯೂ ಹಿಂದಿನ ವರ್ಷ ಬಲ್ಲವರಾಗಿದ್ದ ಯಾವುದಾದರೊಂದು ಶಕ್ತಿಯನ್ನು ಕಳೆದುಕೊಂಡಿದ್ದರು. ಗಮನಿಸತಕ್ಕದ್ದೇನೆಂದರೆ, ಅವರು ಹೊಸದನ್ನು ಕಲಿಯದೆ ನಿಂತದ್ದು ಮಾತ್ರವಲ್ಲ, ಕಲಿತದ್ದೂ ಜಾರಿತು. ವಿದ್ಯೆಗೆ ಆವೃತ್ತಿಯೇ ಆಧಾರವೆಂದು ಪೂರ್ವಿಕರು ಬಲ್ಲರು. ಆವೃತ್ತಿ ಮಾಡಿಸುವವರು ಮನೆಯಲ್ಲಿಲ್ಲದ ಮಗುವಿಗೆ ಶಾಲೆಯೊಂದೇ ಗುರುಕುಲ. ನಮ್ಮ ಎರಡನೆಯ ಬಾಲಿಕೆಯು ಮೂರನೆಯ ತರಗತಿಯಿಂದ ಎದ್ದುಹೋದವಳು ಐದನೆಯ ತರಗತಿಯಲ್ಲಿ ಬಂದು ಕುಳಿತಳು. ಪುಸ್ತಕವು ಐದನೆಯದು, ಕೈಯಲ್ಲಿದ್ದ ಅಕ್ಷರವು ಎರಡನೆಯದು. ಒತ್ತಕ್ಷರ ಬಂದಲ್ಲಿ ಅವಳ ಬೆರಳು ನಿಲ್ಲುತ್ತಿತ್ತು. ಪಕ್ಕದವಳು ಓದಿ ಮುಗಿಸಿ ಪುಟ ತಿರುವುವಾಗ ಇವಳೂ ಸುಮ್ಮನೆ ತಿರುವುತ್ತಿದ್ದಳು.

ಇವಳು ಹೇಗೋ ಏಳನೆಯ ತರಗತಿಗೆ ಬರುವ ಹೊತ್ತಿಗೆ 2023ರ ಬರವು ಬಂದಿತು. ಸಂವತ್ಸರದ ಹೆಸರು ಶೋಭಕೃತ್; ಅಧಿಕ ಶ್ರಾವಣವೂ ಅದರಲ್ಲಿಯೇ. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುವು. ಮಳೆಯು ಹೋದರೆ ಮೊದಲು ಹೋಗುವುದು ಕಡಲೆಕಾಯಿ, ಆಮೇಲೆ ಕೂಲಿ, ಆಮೇಲೆ ನೀರು. ಚಿತ್ರದುರ್ಗ ಜಿಲ್ಲೆಯ ಅನೇಕ ಕಡೆ ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಮು ಮೀರಿದ ನೀರನ್ನು ಬಹುಕಾಲ ಕುಡಿದರೆ, ಒಸಡಿನೊಳಗೆ ರೂಪುಗೊಳ್ಳುತ್ತಿರುವ ಹಲ್ಲು ಎಳೆವಯಸ್ಸಿನಲ್ಲಿಯೇ ಕಲೆಗಟ್ಟುವುದು. ಪ್ರಮಾಣವು ಇನ್ನೂ ಏರಿದರೆ ಕಾಲಕ್ರಮದಲ್ಲಿ ಮೂಳೆಯೂ ಕೆಡುವುದು. ಹಾಲು ಸೊಪ್ಪುಗಳನ್ನು ಕಾಣದ ಮೈಗೆ ಈ ಹಾನಿಯು ಹೆಚ್ಚು. ಉಳ್ಳವರು ಶುದ್ಧ ನೀರಿನ ಘಟಕದಲ್ಲಿ ನಾಣ್ಯವನ್ನು ಹಾಕಿ ಕ್ಯಾನು ತುಂಬಿ ತರುವರು. ಇಲ್ಲದವರು ಕೊಳವೆಬಾವಿಯದನ್ನೇ ಕುಡಿಯುವರು. ಬರವು ಒಬ್ಬಳ ಮನೆಯಲ್ಲಿ ಒಣಗಿದ ತೆಂಗಿನ ಲೆಕ್ಕವಾಗಿ ಉಳಿಯುವುದು. ಇನ್ನೊಬ್ಬಳ ನಗೆಯಲ್ಲಿ ಜನ್ಮಪರ್ಯಂತ ನಿಲ್ಲುವುದು.

ದುಡಿಮೆಯನ್ನು ಅರಸಿ ಜನರು ಬೆಂಗಳೂರಿಗೂ ಮಲೆನಾಡಿನ ಕಾಫಿ ತೋಟಗಳಿಗೂ ಹೊರಟಾಗ ಹುಡುಗಿಯೂ ಹೊರಡುವಳು. ಅವಳು ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡರೆ ತಾಯಿಗೆ ಒಂದು ದಿನದ ಕೂಲಿಯು ಸಿಕ್ಕುವುದು. ಇದನ್ನು ತಂದೆತಾಯಿಗಳ ಅಪರಾಧವೆನ್ನಲು ಯಾರಿಗೂ ನಾಲಗೆ ಬಾರದು. 2024ರ ಬೇಸಿಗೆಯ ರಜೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟವು ನಡೆಯಿತು. ಬರದ ಊರುಗಳಲ್ಲಿ ರಜಾಕಾಲದಲ್ಲಿಯೂ ಊಟವಿರಬೇಕೆಂದು ಸುಪ್ರೀಂ ಕೋರ್ಟು 2004ರಲ್ಲಿಯೇ ಅಪ್ಪಣೆಮಾಡಿತ್ತು. ತೋಟದವರ ಮಗಳು ಆ ಸಾಲಿನಲ್ಲಿ ಕೂರಬೇಕಾಗಿರಲಿಲ್ಲ. ಕೂಲಿಯವರ ಮಗಳು ಕೂರಬೇಕಾಗಿತ್ತು, ಆದರೆ ಅವಳು ಊರಿನಲ್ಲಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಇರುವೆಸಾಲಿನಂತೆ ನಡೆದು, ಕೊನೆಗೊಂದು ಕೆಂಪುಗೆರೆಯಲ್ಲಿ ನಿಂತುವು. ಹೀಗೆ ನಿಂತ ಹುಡುಗಿಯರಿಗೆ ಹದಿನೆಂಟು ತುಂಬುವುದಕ್ಕೆ ಮೊದಲೇ ಓಲಗದ ಸದ್ದು ಕೇಳಿಬರುವುದು ಹೊಸ ಸಂಗತಿಯಲ್ಲ.

ಪರಿಹಾರವಿಲ್ಲವೇ ಎಂದರೆ, ಉಂಟು. ನೆರೆಯ ಆಂಧ್ರಪ್ರದೇಶದಲ್ಲಿ ಬರದ ವರ್ಷಗಳಲ್ಲಿ ಶೈಶವವನ್ನು ಕಳೆದ ಮಕ್ಕಳನ್ನು ವಿದ್ವಾಂಸರು ಪರೀಕ್ಷಿಸಿ, ಆಗ ಬೆಳವಣಿಗೆಯಲ್ಲಿ ಬಿದ್ದ ಕೊರತೆಯನ್ನು ಶಾಲೆಯ ಊಟವು ಬಹುಮಟ್ಟಿಗೆ ತುಂಬಿತೆಂದು ಕಂಡುಕೊಂಡರು. ಒಂದು ಹಿಡಿ ಬಿಸಿ ಅನ್ನಕ್ಕೆ ಕಳೆದ ಬರವನ್ನೂ ತಿದ್ದುವ ಶಕ್ತಿಯುಂಟೆಂಬುದು ಇದರ ತಾತ್ಪರ್ಯ. ವಲಸೆಯ ಕಾಲದಲ್ಲಿ ಮಗುವು ಊರಿನಲ್ಲಿಯೇ ಉಳಿಯುವಂತೆ ವಸತಿ, ಕೂಸುಗಳಿಗೆ ಅಂಗನವಾಡಿ, ಕುಡಿಯುವುದಕ್ಕೆ ಒಳ್ಳೆಯ ನೀರು — ಇವು ಮೂರಿದ್ದರೆ ಆ ಕೆಂಪುಗೆರೆಯು ಬೀಳಬೇಕಾಗಿಲ್ಲ.

ಕೊನೆಗೆ ಪುನಃ ಪಂಚಾಂಗಕ್ಕೆ ಬರೋಣ. ಅಧಿಕಮಾಸವು ಬರುವುದೇತಕ್ಕೆ? ಚಾಂದ್ರವರ್ಷಕ್ಕೆ 354 ದಿನ, ಸೌರವರ್ಷಕ್ಕೆ 365. ಚಂದ್ರನ ಲೆಕ್ಕವು ವರ್ಷಕ್ಕೆ ಹನ್ನೊಂದು ದಿನ ಕೊರತೆಯಾಗುವುದು. ಹೀಗೆಯೇ ಬಿಟ್ಟರೆ ಯುಗಾದಿಯು ಮಾಘದ ಚಳಿಗೂ ದೀಪಾವಳಿಯು ಮಳೆಗಾಲಕ್ಕೂ ಸರಿದುಹೋಗಬೇಕಾಗಿತ್ತು. ಪೂರ್ವಿಕರು ಚಂದ್ರನನ್ನು ದಡ್ಡನೆಂದು ಜರೆಯಲಿಲ್ಲ. ಲೆಕ್ಕದಿಂದ ಅವನ ಹೆಸರನ್ನು ತೆಗೆಯಲಿಲ್ಲ. ಕೊರತೆಯನ್ನು ದಿನದಿನಕ್ಕೆ ಗಣಿಸಿ, ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಒಂದು ಮಾಸವನ್ನೇ ಕೊಟ್ಟು ಅವನನ್ನು ಸೂರ್ಯನೊಡನೆ ಕೂಡಿಸಿದರು.

ಆ ಎರಡನೆಯ ಬಾಲಿಕೆಗೂ ಬೇಕಾಗಿರುವುದು ಇಷ್ಟೇ.