ಅವ್ವನ ವಹಿ (ಭಾಗ 3)

ಮೊನ್ನೆ ನಮ್ಮ ಕ್ಲಾಸಿನ ಗ್ರೂಪಿಗೆ ಯಾರೋ ಹಳೇ ರೀಲ್ ಹಾಕಿದ್ರು. 2023ರಾಗ ಜೈಪುರದಾಗ ಒಬ್ಬಾತ ಹೆಂಡ್ತಿಗೆ ಜೀವನಾಂಶ ಕೊಡದೇ ಸಿಕ್ಕಿಬಿದ್ದಿದ್ದ. ಅವನ ಮನಿಯವರು 55,000 ರೂಪಾಯಿನ ಏಳು ಚೀಲ ಚಿಲ್ಲರೆ ಮಾಡಿ ಕೋರ್ಟಿಗೆ ತಂದಿದ್ರು. ಎಲ್ಲಾರೂ ನಗೋ ಇಮೋಜಿ ಹಾಕಿದ್ರು. ನಾನೂ ಹಾಕಿದೆ. ಆಮೇಲೆ ತಗದೆ.

ನಾನು ಐದನೇತ್ತೆ ಇದ್ದಾಗ, ನನ್ನ ಸಲುವಾಗಿ ತಿಂಗಳಿಗೆ 3,000 ರೂಪಾಯಿ ಕೊಡಬೇಕಂತ ಅಪ್ಪಗ ಕೋರ್ಟು ಆದೇಶ ಮಾಡಿತ್ತು. ನಾಲ್ಕು ತಿಂಗಳು ಬಂತು, ನಿಂತುಹೋತು. ಅವ್ವ ನನ್ನ ಹಳೇ ನೋಟ್‌ಬುಕ್ಕಿನ್ಯಾಗ ಒಂದೊಂದು ತಿಂಗಳ ಹೆಸರು ಬರೆದು ಮುಂದ "ಇಲ್ಲ" ಅಂತ ಬರೀತಿದ್ಲು. ಕೋರ್ಟಿಗೆ ಹೋಗೂಣು ಅಂದ್ರ "ಯಲ್ಲಮ್ಮನ ಜಾತ್ರಿ ಮುಗೀಲಿ" ಅಂತಿದ್ಲು. ಜಾತ್ರಿ ಮುಗಿದ್ರ "ಸೋಯಾ ಮಾರಾಟ ಆಗ್ಲಿ, ಆಗ ಕೊಡ್ತಾನ." ಮಂದಿ ಏನಂತಾರೋ ಅನ್ನೋದೂ ಇತ್ತು, ಅದನ್ನ ಬಾಯಿಬಿಟ್ಟು ಹೇಳ್ಲಿಲ್ಲ ಅಷ್ಟ.

19 "ಇಲ್ಲ" ಆದಮ್ಯಾಲೆ ವಕೀಲರ ಹತ್ರ ಹೋದ್ವಿ. ಅವರು ವಹಿ ನೋಡಿ ಮೊದಲಿನ ಏಳು ತಿಂಗಳಿಗೆ ಪೆನ್ಸಿಲ್ಲಿನಿಂದ ಗೆರಿ ಎಳದ್ರು. "ಅಕ್ಕಾರ, ಈ ವಾರಂಟಿನ ದಾರಿಯಾಗ ಇವು ಸಿಗೂದಿಲ್ಲ."

ಆಗ ಸಿಆರ್‌ಪಿಸಿ 125ನೇ ಕಲಂ ಇತ್ತು, 2024ರ ಜುಲೈ 1ರಿಂದ ಅದೇ ಬಿಎನ್‌ಎಸ್‌ಎಸ್ 144 ಆಗೇತಿ. ರೊಕ್ಕ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗ ಅರ್ಜಿ ಹಾಕಿದ್ರ ಮಾತ್ರ ಆ ಬಾಕಿಗೆ ವಾರಂಟ್. ಕಾದದ್ದಕ್ಕ 21,000 ರೂಪಾಯಿ ಹೋತು. ನನ್ನ ಎರಡು ವರ್ಷದ ಪುಸ್ತಕ, ಯೂನಿಫಾರ್ಮ್, ಬಸ್ ಪಾಸ್ ಎಲ್ಲಾ ಅದರಾಗ ಆಗ್ತಿತ್ತು.

ಉಳಿದ 36,000ಕ್ಕ ಅರ್ಜಿ ಹಾಕಿದ್ವಿ. ಅಪ್ಪ ಬಸ್‌ಸ್ಟ್ಯಾಂಡಿನ್ಯಾಗ ಎಲ್ಲಾರ ಮುಂದ ಅಂದ: "ಜೈಲಿಗೆ ಹೋಗ್ತೇನಿ, ಒಂದು ಪೈಸಾ ಕೊಡೂದಿಲ್ಲ." ಒಳಗ ಹೋಗಿ ಬಂದ್ರ ಲೆಕ್ಕ ಚುಕ್ತಾ ಅಂತ ಅವನ ತಿಳುವಳಿಕೆ. ನಮ್ಮದೂ ಅದೇ ಆಗಿತ್ತು, ಸುಳ್ಳ್ಯಾಕ ಹೇಳ್ಲಿ. ವಕೀಲರು ಬಿಡಿಸಿ ಹೇಳಿದ್ರು. ಮೊದಲು ದಂಡ ವಸೂಲಿ ಮಾಡಿದಂಗ ಸಾಮಾನು ಜಪ್ತಿ ಮಾಡಬಹುದು. ಆದ್ರೂ ಬಾಕಿ ಉಳಿದ್ರ, ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು, ನಡುವ ಕಟ್ಟಿದ್ರ ಬಿಡುಗಡೆ. ಆದ್ರ ಜೈಲಿಗೆ ಹ್ವಾದ್ರೂ ಸಾಲ ಸಾಲನ. 1989ರಾಗ ಕುಲದೀಪ್ ಕೌರ್ ಪ್ರಕರಣದಾಗ ಸುಪ್ರೀಂ ಕೋರ್ಟ್ ಇದನ್ನ ಹೇಳೇತಿ: ಜೈಲು ಕೊಡಿಸೋ ದಾರಿ, ಕೊಟ್ಟಂಗಲ್ಲ. "ಕೆಲಸ ಇಲ್ರಿ" ಅನ್ನೋದೂ ನಡೆಯೂದಿಲ್ಲ. ಗಟ್ಟಿಮುಟ್ಟ ಇದ್ದಾವ ಕೂಲಿ ಮಾಡಿ ಆದ್ರೂ ಸಾಕಬೇಕಂತ 2022ರಾಗ ಅದೇ ಕೋರ್ಟ್ ಹೇಳೇತಿ. ಗೋವಾಕ್ಕ ಓಡಿಹ್ವಾದ್ರ? ಅವ ಎಲ್ಲಿರ್ತಾನೋ ಅಲ್ಲಿನ ಮ್ಯಾಜಿಸ್ಟ್ರೇಟರೂ ಆದೇಶ ಜಾರಿ ಮಾಡಬಹುದು.

ವಾರಂಟ್ ಬಂದ ಮರುದಿನ ಅಪ್ಪ ಬರಲಿಲ್ಲ. ಆಯಿ ಬಂದ್ಲು, ಅಪ್ಪನ ತಾಯಿ. ಕೊರಳಾಗ ಬೋರಮಾಳ ಇರಲಿಲ್ಲ. 36,000 ರೂಪಾಯಿ ಸೆರಗಿನ್ಯಾಗ ಕಟ್ಟಿಕೊಂಡು ಬಂದಿದ್ಲು. ವಕೀಲರು ಅದನ್ನ ಕೋರ್ಟಿನ್ಯಾಗ ಕಟ್ಟಿಸಿ ರಸೀದಿ ಕೊಡಿಸಿದ್ರು. ನನಗ ಖುಷಿ ಪಡಬೇಕೋ ಅಳಬೇಕೋ ತಿಳೀಲಿಲ್ಲ, ಇವತ್ತಿಗೂ ತಿಳಿದಿಲ್ಲ. ಅವ್ವ ಆಯಿಗೆ ಚಹಾ ಕುಡಿಸಿ ಬಸ್ ಹತ್ತಿಸಿ ಬಂದ್ಲು. ರಾತ್ರಿ ವಹಿ ತಗದು 12 ತಿಂಗಳ ಮುಂದ "ಬಂತು" ಅಂತ ಬರೀಲಿಲ್ಲ. "ಅತ್ತಿ ಕೊಟ್ರು" ಅಂತ ಬರದ್ಲು.

ಆಮೇಲೆ ಮತ್ತ ಎರಡು ಸಲ ರೊಕ್ಕ ನಿಂತಿತ್ತು. ಎರಡು ಸಲಾನೂ ಅವ್ವ ಮೂರನೇ ತಿಂಗಳಿಗೇ ಕೋರ್ಟಿಗೆ ಹೋದ್ಲು.

ರಾಮದುರ್ಗ ಬಸ್ಸಿನ ಗೆಳತಿ, ಡಿಎಂ ಮಾಡಿದ್ದಿ, ಹೆಸರು ಹೇಳೂದಿಲ್ಲ. ವಕೀಲರ ಫೀಗೆ ರೊಕ್ಕ ಇಲ್ಲ ಅಂದಿದ್ದಿ. ಹೆಣ್ಮಕ್ಕಳಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಸರ್ಕಾರದ ವಕೀಲರು ಪುಕ್ಕಟೆ. ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳು, ಇಲ್ಲಾ 15100ಕ್ಕ ಫೋನ್ ಮಾಡು. ಹೋಗೋ ಮುಂಚೆ ನಿಮ್ಮವ್ವನ್ನ ಕೂರಿಸ್ಕೊಂಡು ಎಷ್ಟು ತಿಂಗಳಾತು ಎಣಸು. ಹನ್ನೊಂದು ಆಗಿದ್ರ ನಾಳೆನ ಹೋಗ್ರಿ.