ಮೀಸೆಯ ಪಿಚರ್

ಮಾರಿಯೋಗೆ ಮೀಸೆ ಬಂದದ್ದು ಬಾಯಿ ಬರೆಯಲು ಜಾಗ ಸಾಲದೆ. 1981ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ‘ಡಾಂಕಿ ಕಾಂಗ್’ ಎಂಬ ಆಟ ತಂದಾಗ, ಏಣಿ ಹತ್ತಿ, ಉರುಳಿ ಬರುವ ಪೀಪಾಯಿಗಳನ್ನು ಹಾರಿ ದಾಟುವ ಒಬ್ಬ ಬಡಗಿ ಬೇಕಾಗಿದ್ದ. ಅವನ ಪಾಲಿಗೆ ಬಂದದ್ದು ಅಡ್ಡ 16, ಉದ್ದ 16 ಚುಕ್ಕಿಗಳಷ್ಟು ಜಾಗ. ಅಷ್ಟರೊಳಗೆ ಒಬ್ಬ ಮನುಷ್ಯನನ್ನು ಕೂರಿಸಬೇಕು, ಅವನು ಮನುಷ್ಯ ಎಂದು ನೋಡಿದವರಿಗೆ ಗೊತ್ತಾಗಬೇಕು. ಶಿಗೆರು ಮಿಯಾಮೊಟೊ ದಪ್ಪ ಮೂಗಿಟ್ಟು ಅದರ ಕೆಳಗೊಂದು ಮೀಸೆ ಎಳೆದರು. ಬಾಯಿಯ ತಂಟೆ ತಪ್ಪಿತು. ಕೂದಲು ಬರೆದರೆ ಹಾರಿದಾಗ ಅದೂ ಹಾರಬೇಕು, ಆ ರಗಳೆಯೇ ಬೇಡವೆಂದು ಟೋಪಿ ಹಾಕಿದರು. ಕೈ ಬೀಸುವುದು ಕಾಣಲೆಂದು ಹೆಗಲ ಮೇಲೆ ಪಟ್ಟಿ ಬರುವ ಕೂಲಿಯವರ ಉಡುಪು ತೊಡಿಸಿದರು. ಜಗತ್ತಿನ ಅತಿ ಪ್ರಸಿದ್ಧ ಮುಖಗಳಲ್ಲೊಂದು ಹೀಗೆ ಬಡತನದಲ್ಲಿ ಹುಟ್ಟಿತು. ಬಡತನವೆಂದರೆ ದುಡ್ಡಿನದಲ್ಲ, ಚುಕ್ಕಿಗಳದು.

ಎಂಟು ವರ್ಷದ ನಂತರ ಆ ಟೋಪಿ ಇನ್ನೊಂದು ಕೆಲಸಕ್ಕೆ ಬಂತು. 1989ರ ಏಪ್ರಿಲ್ 21ರಂದು ನಿಂಟೆಂಡೊ ಜಪಾನಿನಲ್ಲಿ ಗೇಮ್ ಬಾಯ್ ಎಂಬ ಕೈಯಾಟದ ಪೆಟ್ಟಿಗೆಯನ್ನು ಮಾರಾಟಕ್ಕಿಟ್ಟಿತು. ಮೊದಲ ದಿನವೇ ಅಂಗಡಿಗೆ ಬಂದ ಕಾರ್ಟ್ರಿಜ್‌ಗಳು ನಾಲ್ಕೇ. ಅದರಲ್ಲೊಂದರ ಹೆಸರು ಬರೀ ‘ಬೇಸ್‌ಬಾಲ್’. ತಲೆಬರಹದಲ್ಲಿ ಒಂದು ವಿಶೇಷಣ ಕೂಡ ಇಲ್ಲ; ಉಪ್ಪಿನ ಡಬ್ಬಿಯ ಮೇಲೆ ‘ಉಪ್ಪು’ ಎಂದು ಬರೆದಿಟ್ಟ ಹಾಗೆ. ಅದರೊಳಗೆ ಚೆಂಡೆಸೆಯಲು ನಿಂತವನು ಮಾರಿಯೊ. ಎದುರು ಪಾಳಯದ ಪಿಚರ್ ತಮ್ಮ ಲುಯಿಜಿ. ಟೋಪಿ ಮೊದಲೇ ತಲೆಯ ಮೇಲಿತ್ತು, ಬೇಸ್‌ಬಾಲಿಗೆಂದು ಹೊಸದು ಕೊಡಿಸುವ ಖರ್ಚೂ ಉಳಿಯಿತು.

ಮಾರಿಯೋನ ಬದುಕನ್ನು ತಿರುಗಿ ನೋಡಿದರೆ ಆ ಮನುಷ್ಯ ಒಂದು ಪಾತ್ರಕ್ಕೆ ಅಂಟಿಕೊಂಡವನೇ ಅಲ್ಲ. ಬಡಗಿಯಾಗಿದ್ದವನು ಕೊಳಾಯಿ ರಿಪೇರಿಯವನಾದ, ಟೆನಿಸ್ ಆಟದಲ್ಲಿ ಎತ್ತರದ ಕುರ್ಚಿ ಹತ್ತಿ ಅಂಪೈರ್ ಆದ, ‘ಪಂಚ್ ಔಟ್’ ಎಂಬ ಕುಸ್ತಿಯಂಥ ಗುದ್ದಾಟದಲ್ಲಿ ರೆಫರಿಯಾದ. ಮಿಯಾಮೊಟೊ ಅವನನ್ನು ಎಲ್ಲ ಆಟಗಳಲ್ಲೂ ಬಳಸಬಹುದಾದ ಒಬ್ಬ ನಟನೆಂದೇ ಆರಂಭದಿಂದ ಎಣಿಸಿದ್ದರಂತೆ. ಹೊಸ ಆಟ ಕಟ್ಟುವವರಿಗೆ ಒಂದು ಮುಖ ಬೇಕು. ಗೊತ್ತಿರುವ ಮುಖ ಮನೆಯಲ್ಲೇ ಇರುವಾಗ ಹೊರಗಿನವರನ್ನು ಯಾಕೆ ಕರೆಯಬೇಕು?

ನನ್ನ ಕೈಗೆ ಈ ಪೆಟ್ಟಿಗೆ ಬಂದದ್ದು ತೀರ ತಡವಾಗಿ. ಒಸಾಕಾದಲ್ಲಿ ಕೆಲಸ ಮಾಡುವ ಅಕ್ಕನ ಮಗ ಅಲ್ಲಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡು ತಂದ. ಬೂದು ಬಣ್ಣ, ಮಸುಕಾದ ಸೋಪಿನ ತುಂಡಿನಂತೆ ಅಂಚು ಸವೆದಿದೆ. ಬಲಗಡೆ ಜಂಬುನೇರಳೆಯ ಎರಡು ಗುಂಡಿ, ಎಡಗಡೆ ಅಧಿಕ ಚಿಹ್ನೆಯಂಥ ಕರಿ ಗುಂಡಿ, ಕೆಳಗೆ ಓರೆಯಾಗಿ ಮಲಗಿದ ರಬ್ಬರಿನ ಎರಡು ಬಿಲ್ಲೆ, ಮೂಲೆಯಲ್ಲಿ ಸ್ಪೀಕರಿನ ಓರೆ ಸೀಳುಗಳು. ಬೆನ್ನಿಗೆ ನಾಲ್ಕು ಪೆನ್ಸಿಲ್ ಸೆಲ್ಲು. ಮೇಲಿನ ಅಂಚಿನ ಸ್ವಿಚ್ಚನ್ನು ಸರಿಸಿದರೆ ಕಂಪನಿಯ ಹೆಸರು ಮೇಲಿನಿಂದ ನಿಧಾನವಾಗಿ ಇಳಿದು ಬಂದು, ನಡುವೆ ನಿಂತು, ‘ಟಿಣ್’ ಅನ್ನುತ್ತದೆ. ಪರದೆಗೆ ಸ್ವಂತ ಬೆಳಕಿಲ್ಲ. ಕಿಟಕಿಯ ಹತ್ತಿರ ಕೂತು, ಬಿಸಿಲು ನೇರ ಬೀಳದಂತೆ ಸ್ವಲ್ಪ ಓರೆ ಮಾಡಿ, ಎಡಬದಿಯ ಗಾಲಿ ತಿರುಗಿಸಿ ಕಪ್ಪು ಹೆಚ್ಚಿಸಿ, ಆಮೇಲೆ ಆಟ. “ಅಕ್ಕಿ ಆರಿಸೋ ಹಾಗೆ ಕಣ್ಣು ಕಿರಿದು ಮಾಡ್ಕೊಂಡು ಅದರಲ್ಲಿ ಏನು ಹುಡುಕ್ತಿದ್ದೀರಿ?” ಎಂದು ನನ್ನ ಹೆಂಡತಿ ಕೇಳಿದಳು. ಹುಡುಕುತ್ತಿದ್ದದ್ದು ಚೆಂಡನ್ನು. ಆ ಪರದೆಯ ಚುಕ್ಕಿಗಳು ಅಡ್ಡ 160, ಉದ್ದ 144; ಬಣ್ಣವೆಂದರೆ ಪಾಚಿಹಸಿರಿನ ನಾಲ್ಕು ಛಾಯೆ. ವೇಗವಾಗಿ ಹೋಗುವ ವಸ್ತು ತನ್ನ ಹಿಂದೆ ಮಸಿಯಂಥ ಗುರುತು ಬಿಟ್ಟೇ ಹೋಗುತ್ತದೆ. ಚೆಂಡು ಎಲ್ಲಿದೆ ಎನ್ನುವುದಕ್ಕಿಂತ ಎಲ್ಲಿತ್ತು ಎನ್ನುವುದೇ ಚೆನ್ನಾಗಿ ಕಾಣುತ್ತದೆ.

ಕ್ರಿಕೆಟ್ ನೋಡಿ ಬೆಳೆದವನಿಗೆ ಬೇಸ್‌ಬಾಲ್ ಮೊದಲು ಅವಸರದ ಆಟವೆನ್ನಿಸುತ್ತದೆ, ಆಮೇಲೆ ಸೋಮಾರಿ ಆಟವೆನ್ನಿಸುತ್ತದೆ. ನಮ್ಮ ಪಿಚ್ಚು 22 ಗಜ, ಅಂದರೆ 20 ಮೀಟರಿಗೆ ಚೂರು ಹೆಚ್ಚು. ಅಲ್ಲಿ ಪಿಚರ್ ನಿಲ್ಲುವ ದಿಬ್ಬದಿಂದ ಬ್ಯಾಟ್ ಹಿಡಿದವನ ಬಳಿಯಿರುವ ಹೋಮ್ ಪ್ಲೇಟಿಗೆ 60 ಅಡಿ 6 ಅಂಗುಲ, ಸುಮಾರು ಹದಿನೆಂಟೂವರೆ ಮೀಟರು. ಚೆಂಡು ನೆಲ ಮುಟ್ಟುವುದಿಲ್ಲ. ಒಳ್ಳೆಯ ಪಿಚರ್ ಎಸೆದದ್ದು ಅರ್ಧ ಸೆಕೆಂಡಿಗೂ ಮೊದಲೇ ಬಂದು ಮುಟ್ಟುತ್ತದೆ. ನೋಡಿ ಹೊಡೆಯುತ್ತೇನೆ ಎಂದರೆ ಆಗದು, ಬರುವ ಮೊದಲೇ ಮನಸ್ಸು ಮಾಡಿಬಿಟ್ಟಿರಬೇಕು. ಮೂರು ಸಲ ತಪ್ಪಿದರೆ ಔಟು. ಹೊಡೆದದ್ದು ಸರಿಯಾಗಿ ಬಿದ್ದರೆ ಓಡಲೇಬೇಕು. ‘ಬೇಡ, ಇಲ್ಲೇ ನಿಲ್ಲುತ್ತೇನೆ’ ಎಂಬ ಗವಾಸ್ಕರ್ ಠೀವಿಗೆ ಅಲ್ಲಿ ಅವಕಾಶವಿಲ್ಲ. “ಮಾಮ, ಫಾರ್ವರ್ಡ್ ಡಿಫೆನ್ಸ್ ಆಡೋಕೆ ಹೋಗ್ಬೇಡಿ, ಇಲ್ಲಿ ಅದಿಲ್ಲ” ಎಂದು ಅಕ್ಕನ ಮಗ ಎಚ್ಚರಿಸಿದ. ಗುಂಡಿ ಒತ್ತಿದರೆ ಬ್ಯಾಟು ಬೀಸುತ್ತದೆ. ಅರ್ಧ ಬೀಸಿ ಚೆಂಡನ್ನು ಸ್ಲಿಪ್ಪಿನ ಸಂದಿಯಲ್ಲಿ ಜಾರಿಸಿ ಕಳಿಸುವ ನಮ್ಮ ವಿಶ್ವನಾಥರ ಲೇಟ್ ಕಟ್ಟಿನಂಥ ಸೊಗಸನ್ನು ಆ ಪೆಟ್ಟಿಗೆಯಿಂದ ಬಯಸುವುದು ಅನ್ಯಾಯ.

ಇಷ್ಟು ದೊಡ್ಡ ಮೈದಾನದ ಆಟವನ್ನು ಅಂಗೈಯಲ್ಲಿ ತುಂಬಿಸುವುದು ಹೇಗೆ ಎನ್ನುವುದೇ ಈ ಜಾತಿಯ ಆಟಗಳ ದೊಡ್ಡ ಪ್ರಶ್ನೆ. ಬೇಸ್‌ಬಾಲಿನಲ್ಲಿ ಒಂದು ಬೇಸಿನಿಂದ ಇನ್ನೊಂದಕ್ಕೆ 90 ಅಡಿ. ಅದರಾಚೆ ಹುಲ್ಲು, ಹುಲ್ಲಿನಾಚೆ ಬೇಲಿ. ಎಲ್ಲವನ್ನೂ ಒಮ್ಮೆಲೇ ತೋರಿಸಿದರೆ ಆಟಗಾರರು ಎಳ್ಳಿನ ಕಾಳಾಗುತ್ತಾರೆ. ಹಾಗಾಗಿ ಇಂಥ ಆಟಗಳು ಸಾಮಾನ್ಯವಾಗಿ ಎರಡು ನೋಟ ಇಟ್ಟುಕೊಳ್ಳುತ್ತವೆ: ಎಸೆಯುವಾಗ ಪಿಚರ್, ಬ್ಯಾಟರ್ ಇಬ್ಬರೇ ಹತ್ತಿರದಿಂದ, ಹೊಡೆದ ತಕ್ಷಣ ಮೇಲಿನಿಂದ ಮೈದಾನ. ಮೊದಲನೆಯದು ಚೆನ್ನ. ಎರಡನೆಯದರಲ್ಲಿ ಯಾರು ಯಾರೆಂದು ಗೊತ್ತಾಗದೆ, ಚೆಂಡು ಹಿಡಿಯಲು ಬಲಕ್ಕೆ ಓಡಿಸಿದವನು ಇನ್ನಾರೋ ಆಗಿರುತ್ತಾನೆ. ಗೇಮ್ ಬಾಯ್ ತಯಾರಿಸಿದ ತಂಡದ ಹಿರಿಯ ಗುನ್‌ಪೆ ಯೊಕೊಯಿ ಅವರ ನಂಬಿಕೆ, ಹೊಸದಾಗಿ ಬಂದ ದುಬಾರಿ ತಂತ್ರಕ್ಕಿಂತ ಬಳಸಿ ಹಳತಾದ, ಅಗ್ಗವಾದ ತಂತ್ರದಿಂದಲೇ ಹೊಸ ಉಪಾಯ ಹುಡುಕಬೇಕು ಎಂಬುದು. ಬಣ್ಣದ ಪರದೆಯ ಪೈಪೋಟಿಯವರು ಬಂದರೂ ಈ ಪಾಚಿಹಸಿರು ಸೋಲಲಿಲ್ಲ. ಮುಂದೆ ಬಂದ ಬಣ್ಣದ ಗೇಮ್ ಬಾಯ್ ಸೇರಿಸಿ ಒಟ್ಟು 11 ಕೋಟಿಗೂ ಹೆಚ್ಚು ಮಾರಾಟವಾಯಿತು. ಸೆಲ್ಲು ಬೇಗ ಮುಗಿಯದ್ದೇ ಅದಕ್ಕೆ ದೊಡ್ಡ ಕಾರಣ ಎನ್ನುತ್ತಾರೆ. ಮಕ್ಕಳಿಗೆ ಬಣ್ಣ ಇಷ್ಟ ನಿಜ, ಸೆಲ್ಲು ತಂದುಕೊಡಬೇಕಾದವರು ಅಪ್ಪಂದಿರಲ್ಲವೇ?

ಇಂಥ ಪರದೆಯಲ್ಲಿ ನಿಜವಾದ ಆಟಗಾರನನ್ನು ತಂದು ನಿಲ್ಲಿಸಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಒಂದು ಟೋಪಿ, ಒಂದು ಬ್ಯಾಟು, ಎರಡು ಕಾಲು. ಬೇಬ್ ರೂತ್ ಬಂದರೂ ಅಷ್ಟೇ, ನಮ್ಮ ಬೀದಿಯ ಹಾಲಿನ ಹುಡುಗ ಬಂದರೂ ಅಷ್ಟೇ. ಮಾರಿಯೊ ಹಾಗಲ್ಲ, ಆ ಇಕ್ಕಟ್ಟಿಗೆಂದೇ ಹುಟ್ಟಿದವನು. ಮೈಸೂರಿನ ಆರ್. ಕೆ. ಲಕ್ಷ್ಮಣ್ ಶ್ರೀಸಾಮಾನ್ಯನನ್ನು ಚೌಕಳಿ ಕೋಟು, ಪಂಚೆ, ಬೋಳು ನೆತ್ತಿಗಳಲ್ಲಿ ಮುಗಿಸಿಬಿಟ್ಟರಲ್ಲ, ಪತ್ರಿಕೆಯ ಮೂಲೆಯಲ್ಲಿ ಎಷ್ಟೇ ಚಿಕ್ಕದಾಗಿ ಬಂದರೂ ಅವನು ಅವನೇ. ಫೋಟೊ ಕುಗ್ಗಿದಷ್ಟೂ ಕೆಡುತ್ತದೆ, ವ್ಯಂಗ್ಯಚಿತ್ರ ಕುಗ್ಗಿದಷ್ಟೂ ಗಟ್ಟಿಯಾಗುತ್ತದೆ. ಕೈಯಾಟದ ಬೇಸ್‌ಬಾಲಿನಲ್ಲಿ ಕಾರ್ಟೂನು ಬಂದದ್ದು ಮಕ್ಕಳನ್ನು ಮರುಳು ಮಾಡಲು ಎಂದು ಹಲವರು ತಿಳಿದಿದ್ದಾರೆ. ನನ್ನ ಮಟ್ಟಿಗೆ ಅದು ಕಣ್ಣಿನ ಅನಿವಾರ್ಯ.

ಕಾರ್ಟೂನಿಗೆ ಇನ್ನೊಂದು ಅನುಕೂಲವಿದೆ: ಅದು ಹೆಸರಿನ ಬಾಡಿಗೆ ಕೇಳುವುದಿಲ್ಲ. 1994ರಲ್ಲಿ ನಿಂಟೆಂಡೊ ಟಿವಿಗೆ ಜೋಡಿಸುವ ತನ್ನ ಯಂತ್ರಕ್ಕೆ ಆಟಗಾರ ಕೆನ್ ಗ್ರಿಫಿ ಜೂನಿಯರ್ ಹೆಸರಿನ ಬೇಸ್‌ಬಾಲ್ ಆಟ ತಂದಿತು. ತಂಡಗಳ ಹೆಸರಿಗೆ ಪರವಾನಗಿ ಇತ್ತು, ಆಟಗಾರರ ಸಂಘದ್ದು ಇರಲಿಲ್ಲ. ಅದರಿಂದ ಇಡೀ ಅಮೆರಿಕದ ಲೀಗಿನಲ್ಲಿ ಗ್ರಿಫಿ ಒಬ್ಬನೇ ಅಸಲಿ ಮನುಷ್ಯ. ಮಿಕ್ಕವರಿಗೆಲ್ಲ ಕಟ್ಟುಕತೆಯ ಹೆಸರು. ಮದುವೆ ಮನೆಯಲ್ಲಿ ವರನನ್ನು ಬಿಟ್ಟು ಉಳಿದವರೆಲ್ಲ ಬಾಡಿಗೆ ನೆಂಟರು ಎಂದಹಾಗಾಯಿತು. ಇಷ್ಟು ಪೇಚಿಗಿಂತ ಮೀಸೆಯ ಮಾರಿಯೋನೇ ವಾಸಿ.

ಜಪಾನಿನ ಇನ್ನೊಂದು ಕಂಪನಿ ಈ ಗುಟ್ಟನ್ನು ಮೊದಲೇ ಅರಿತಿತ್ತು. ನಾಮ್ಕೊ 1986ರ ಕೊನೆಯಲ್ಲಿ ತಂದ ‘ಫ್ಯಾಮಿಲಿ ಸ್ಟೇಡಿಯಂ’ ಜಪಾನಿನ ಮನೆಮನೆಯ ಆಟವಾಯಿತು. ಅಮೆರಿಕದಲ್ಲಿ ಅದೇ ‘ಆರ್.ಬಿ.ಐ. ಬೇಸ್‌ಬಾಲ್’ ಆಯಿತು. ಜಪಾನಿನ ಸರಣಿ ಮುಂದೆ ಗೇಮ್ ಬಾಯಿಗೂ ಇಳಿಯಿತು. ಅದರ ಆಟಗಾರರೆಲ್ಲ ಉಂಡಾಡಿ ಗುಂಡರು, ಎತ್ತರದಲ್ಲಿ ಅರ್ಧ ಪಾಲು ತಲೆಯೇ. ಜಪಾನಿನ ಆವೃತ್ತಿಯ ತಂಡಗಳಲ್ಲಿ ಒಂದು ‘ನಾಮ್ಕೊ ಸ್ಟಾರ್ಸ್’: ಕಂಪನಿಯ ಸ್ವಂತ ಮನೆಯ ಪಾತ್ರಗಳ ತಂಡ. ಗುಳಿಗೆ ನುಂಗುವ ಪ್ಯಾಕ್‌ಮ್ಯಾನ್ ಅಲ್ಲಿ ಬ್ಯಾಟ್ ಹಿಡಿಯುತ್ತಾನೆ. ಪೀನೊ ಎಂಬೊಬ್ಬನ ಓಟದ ಕತೆಯನ್ನು ಆ ಕಾಲದ ಜಪಾನೀ ಹುಡುಗರು ಇಂದಿಗೂ ಹೇಳುತ್ತಾರೆ. ಚೆಂಡಿಗೆ ಬ್ಯಾಟು ತಾಗಿದರೆ ಸಾಕು, ಅವನು ಬೇಸ್ ತಲುಪಿದ ಎಂದೇ ಲೆಕ್ಕ. ಆ ಆಟದಲ್ಲಿ ಎಸೆದ ಚೆಂಡನ್ನು ಗಾಳಿಯಲ್ಲಿರುವಾಗಲೇ ಗುಂಡಿ ಒತ್ತಿ ಎಡಕ್ಕೆ ಬಲಕ್ಕೆ ತಿರುಗಿಸಬಹುದು. ಚೆಂಡು ಕೈ ಬಿಟ್ಟ ಮೇಲೂ ಬೌಲರನ ಮಾತು ಕೇಳುವ ಸುಖ ನಮ್ಮ ಕ್ರಿಕೆಟಿನ ಚಂದ್ರಶೇಖರ್ ಅವರಿಗೂ ಸಿಕ್ಕಿರಲಿಕ್ಕಿಲ್ಲ.

ಕೈಯಾಟದ ಬೇಸ್‌ಬಾಲಿನಲ್ಲಿ ನನಗೆ ಅತ್ಯಂತ ವಿಚಿತ್ರವಾಗಿ ಕಂಡದ್ದು ಕೊನಾಮಿಯವರ ‘ಪವರ್ ಪ್ರೊ-ಕುನ್ ಪಾಕೆಟ್’. 1999ರಲ್ಲಿ ಬಣ್ಣದ ಗೇಮ್ ಬಾಯಿಗೆ ಶುರುವಾದ ಈ ಸರಣಿ 2011ರ ತನಕ, ನಿಂಟೆಂಡೊ ಡಿಎಸ್ ಕಾಲದವರೆಗೆ ನಡೆಯಿತು. ಅದರ ಹುಡುಗರಿಗೆ ಉರುಟು ತಲೆ, ದೊಡ್ಡ ಕಣ್ಣು. ಮೂಗಿಲ್ಲ, ಕಾಲೂ ಇಲ್ಲ. ಹೊಟ್ಟೆಯ ಕೆಳಗೆ ನೇರ ಬೂಟು. ಗೊಂಬೆಯಂಥ ಈ ಮುಖ ನೋಡಿ ಮಕ್ಕಳಾಟ ಎಂದುಕೊಂಡರೆ ಕೆಟ್ಟಿರಿ. ಒಬ್ಬ ಹುಡುಗನನ್ನು ಹೈಸ್ಕೂಲು ಕ್ಲಬ್ಬಿನಿಂದ ದೊಡ್ಡ ಆಟಗಾರನಾಗಿ ಬೆಳೆಸುವುದು ಅದರ ಕತೆ. ಇವತ್ತು ಓಡಬೇಕೇ, ಎಸೆಯಬೇಕೇ, ಮಲಗಬೇಕೇ, ಗೆಳತಿಯ ಜೊತೆ ಸುತ್ತಬೇಕೇ ಎಂದು ಮತ್ತೆ ಮತ್ತೆ ಆರಿಸಬೇಕು. ಹೆಚ್ಚು ದುಡಿಸಿದರೆ ಮೈ ಮುರಿಯುತ್ತದೆ, ಕಡಿಮೆ ದುಡಿಸಿದರೆ ಸೋಲು. ಸೋತರೆ ಕತೆ ಅಲ್ಲಿಗೆ ಮುಗಿದು ಮೊದಲಿನಿಂದ ಶುರು. ಕಾಲಿಲ್ಲದ ಆ ಹುಡುಗರ ಮೇಲೆ ಬರೆದವರು ಹೇರಿದ ಕಷ್ಟಗಳನ್ನು ಕೇಳಿದರೆ ನಮ್ಮ ಧಾರಾವಾಹಿಗಳ ಸೊಸೆಯಂದಿರು ಸುಖಿಗಳು. ಪಾತ್ರಗಳು ಕಾಣೆಯಾಗುವುದು, ಸಾಲಕ್ಕೆ ಸಿಕ್ಕಿಬೀಳುವುದು ಎಲ್ಲ ಇದೆ. ಕಷ್ಟ ಹೇಳಲೂ ನಗುವ ಗೊಂಬೆಯೇ ಬೇಕು ಎಂದು ಅದನ್ನು ಬರೆದವರಿಗೆ ಹೊಳೆದಿರಬೇಕು. ಜಪಾನಿನಲ್ಲಿ ಬೇಸ್‌ಬಾಲೆಂದರೆ ಹೈಸ್ಕೂಲು ಹುಡುಗರ ಬೇಸಿಗೆ. ಕೋಶಿಯೆನ್ ಮೈದಾನದ ಪಂದ್ಯಾವಳಿಯಲ್ಲಿ ಸೋತ ತಂಡದ ಹುಡುಗರು ಅಳುತ್ತಾ ಅಲ್ಲಿಯ ಮಣ್ಣನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ಹೋಗುತ್ತಾರೆ. ಆ ದೇಶದ ಆಟದ ಪೆಟ್ಟಿಗೆಯಲ್ಲಿ ಕಣ್ಣೀರು ಇರದಿದ್ದರೆ ಆಶ್ಚರ್ಯಪಡಬೇಕಿತ್ತು.

ಈ ಇಡೀ ಪ್ರಕರಣದಲ್ಲಿ ನನಗೆ ಪ್ರಿಯವಾದ ಪಾತ್ರ ಮಾತ್ರ ಕಾರ್ಟೂನಲ್ಲ, ನಿಂಟೆಂಡೊದ ಯಜಮಾನ ಹಿರೋಶಿ ಯಾಮಾವುಚಿ. ಮುತ್ತಾತ 1889ರಲ್ಲಿ ಕ್ಯೋಟೊದಲ್ಲಿ ಇಸ್ಪೀಟಿನಂಥ ಹೂವಿನೆಲೆಗಳನ್ನು ಮಾಡಿ ಮಾರಲು ಕಟ್ಟಿದ ಕಂಪನಿಯನ್ನು ವಿಡಿಯೊ ಆಟದ ಸಾಮ್ರಾಜ್ಯ ಮಾಡಿದವರು ಅವರು. 1992ರಲ್ಲಿ ಸಿಯಾಟಲ್ ಮರೀನರ್ಸ್ ತಂಡ ಊರು ಬಿಟ್ಟು ಹೋಗುವ ಹಾಗಾದಾಗ, ಅಮೆರಿಕದ ತಮ್ಮ ಕಚೇರಿ ಇರುವ ಸೀಮೆಯ ಋಣವೆಂದು ಅವರು ಆ ತಂಡವನ್ನು ಉಳಿಸಲು ಹಣ ಹಾಕಿದರು. ಹೊರದೇಶದವರ ಕೈಗೆ ತಂಡ ಹೋಗುವುದೇ ಎಂದು ಅಲ್ಲಿ ಗದ್ದಲವಾಯಿತು. ಕೊನೆಗೆ ಅವರ ಮತದ ಹಕ್ಕು ಅರ್ಧಕ್ಕಿಂತ ಕಡಿಮೆ ಇರಬೇಕೆಂಬ ಕರಾರಿನ ಮೇಲೆ ಲೀಗಿನವರು ಒಪ್ಪಿದರು. ಗ್ರಿಫಿ ಅದೇ ತಂಡದವನು, 2001ರಲ್ಲಿ ಜಪಾನಿನಿಂದ ಹೋದ ಇಚಿರೊ ಸುಜುಕಿಯೂ ಅದೇ ತಂಡಕ್ಕೆ. ಇಷ್ಟೆಲ್ಲ ಆದರೂ ಯಾಮಾವುಚಿ 2013ರಲ್ಲಿ ತೀರಿಕೊಳ್ಳುವವರೆಗೆ ತಮ್ಮ ತಂಡದ ಒಂದೇ ಒಂದು ಪಂದ್ಯವನ್ನೂ ಮೈದಾನದಲ್ಲಿ ಕೂತು ನೋಡಲಿಲ್ಲ. ಬೇಸ್‌ಬಾಲನ್ನು ಪೆಟ್ಟಿಗೆಯಲ್ಲಿಟ್ಟು ಮಾರಿದವರಿಗೆ ಪೆಟ್ಟಿಗೆಯ ಹೊರಗಿನದು ಅಷ್ಟು ಮುಖ್ಯವೆನ್ನಿಸದಿದ್ದರೆ ಅವರನ್ನು ಬೈಯುವುದು ಹೇಗೆ?

ಮುಂದೆ ಪರದೆ ದೊಡ್ಡದಾಯಿತು, ಚುಕ್ಕಿಗಳ ಬಡತನ ಹಿಂಗಿತು. 2011ರ ‘ನಿಕ್‌ಟೂನ್ಸ್ ಎಂಎಲ್‌ಬಿ’ಯಲ್ಲಿ ಸ್ಪಂಜ್‌ಬಾಬ್ ಅಮೆರಿಕದ ದೊಡ್ಡ ಲೀಗಿನ ನಿಜವಾದ ಆಟಗಾರರ ಜೊತೆಗೇ ಕಣಕ್ಕಿಳಿದ, ಅದೂ ಡಿಎಸ್ ಕೈಯಾಟಕ್ಕೆ ಬಂತು. ಕೋಟಿಗಟ್ಟಲೆ ಸಂಬಳದವರು ಒಂದೆಡೆ, ಪಾತ್ರೆ ತಿಕ್ಕುವ ಹಳದಿ ಸ್ಪಂಜು ಇನ್ನೊಂದೆಡೆ. ಮಕ್ಕಳು ಯಾರನ್ನು ಮೊದಲು ಆರಿಸುತ್ತಾರೆ ಎಂದು ಕೇಳುವುದೇ ಬೇಡ. 2017ರಲ್ಲಿ 3ಡಿಎಸ್‌ಗೆ ‘ಮಾರಿಯೊ ಸ್ಪೋರ್ಟ್ಸ್ ಸೂಪರ್‌ಸ್ಟಾರ್ಸ್’ ಬಂದಾಗ ಮಾರಿಯೊ ಮತ್ತೆ ಅಂಗೈಯ ಬೇಸ್‌ಬಾಲಿಗೆ ಮರಳಿದ. ಅಕ್ಕನ ಮಗ ಅದನ್ನೂ ತೋರಿಸಿದ. ಈಗ ಅವನಿಗೆ ಬಾಯಿಯೂ ಇದೆ, ಬೆರಳೂ ಇವೆ, ಬೂಟಿನ ಮೇಲೆ ಹೊಳಪೂ ಇದೆ. ಮೀಸೆಯನ್ನು ತೆಗೆಯಲು ಮಾತ್ರ ಯಾರಿಗೂ ಧೈರ್ಯ ಬಂದಿಲ್ಲ. ಆಟ ಚೆನ್ನಾಗಿದೆ, ಚೆಂಡು ಕಾಣುತ್ತದೆ, ನನಗೂ ಹೊಡೆಯಲು ಬರುತ್ತದೆ. ಆದರೂ ಕಿಟಕಿ ಹುಡುಕಿಕೊಂಡು ಹೋಗಬೇಕಾದ ಹಳೆಯದರ ಮೇಲೇ ನನ್ನ ಒಲವು ಎಂದೆ. ಅವನು ಬಿಡಲಿಲ್ಲ. “ಮಾಮ, ಇದರಲ್ಲಿ ಬೇಸ್‌ಬಾಲ್ ಒಂದೇ ಅಲ್ಲ. ಫುಟ್‌ಬಾಲ್ ಇದೆ, ಟೆನಿಸ್ ಇದೆ, ಗಾಲ್ಫ್ ಇದೆ, ಕುದುರೆ ರೇಸೂ ಇದೆ” ಎಂದ. ಕುದುರೆ ರೇಸ್ ಎಂಬ ಮಾತು ಅಡುಗೆಮನೆಗೆ ಕೇಳಿಸಿತು. ಆ ಪೆಟ್ಟಿಗೆ ಅದೇ ಸಂಜೆ ಅವನ ಸೂಟ್‌ಕೇಸ್ ಸೇರಿತು.